ಮೇಜಿನ ಮೇಲೆ ಸೊರಟೂರಿನ ಕಾಳಗ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ, ನಾನು ಸಾಹಿತಿಯೂ ಅಲ್ಲ, ಇತಿಹಾಸದ ಪಂಡಿತನೂ ಅಲ್ಲ, ನನ್ನನ್ನು ಬಿಟ್ಟುಬಿಡಿರೆಂದು ಬೇಡಿಕೊಂಡೆನು. ಅವರು ಬಿಡಲಿಲ್ಲ. 'ನೀವು ಮನೆಯಲ್ಲಿ ಮೇಜಿನ ಮೇಲೆ ಅದೇನೋ ಯುದ್ಧ ಆಡುತ್ತೀರಂತಲ್ಲ, ಅದನ್ನೇ ಹೇಳಿರಿ' ಎಂದರು. ಅರುವತ್ತು ದಾಟಿದ ಮನುಷ್ಯ ಬೊಂಬೆಗಳನ್ನು ಮುಂದಿಟ್ಟುಕೊಂಡು ಆಡುತ್ತಾನೆಂಬ ಸುದ್ದಿ ಊರೆಲ್ಲ ಹಬ್ಬಿದ ಮೇಲೆ ಮುಚ್ಚಿಡುವುದೇನು ಉಳಿಯಿತು? ಆದುದರಿಂದ ಆ ಆಟದ ವಿಷಯವನ್ನೇ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ. ನಗುವವರು ನಗಬಹುದು, ಆದರೆ ಕೊನೆಯವರೆಗೆ ಕೇಳಿ ಆಮೇಲೆ ನಗಬೇಕೆಂದು ಬಿನ್ನಹ.

ಇದರ ಮೂಲ ನಮ್ಮ ಓಣಿಯ ದೀಪಾವಳಿ. ಹಬ್ಬ ಬಂತೆಂದರೆ ಈ ಸೀಮೆಯ ಮಕ್ಕಳು ಅಂಗಳದಲ್ಲಿ ಮಣ್ಣಿನ ಕಿಲ್ಲಾ ಕಟ್ಟುವುದನ್ನು ತಾವೆಲ್ಲ ಕಂಡಿದ್ದೀರಿ. ಇಟ್ಟಿಗೆ ಕಲ್ಲುಗಳನ್ನು ಪೇರಿಸಿ, ಮೇಲೆ ಗೋಣಿತಟ್ಟು ಹೊದಿಸಿ, ಕೆಸರು ಬಳಿದು, ಸಾಸಿವೆ ಬಿತ್ತಿ ಹಸಿರು ಬರಿಸಿ, ತುತ್ತತುದಿಯಲ್ಲಿ ಶಿವಾಜಿ ಮಹಾರಾಜರನ್ನೂ ಬುರುಜು ಬುರುಜಿಗೆ ಮಾವಳೆ ಸೈನಿಕರನ್ನೂ ನಿಲ್ಲಿಸುತ್ತಾರೆ. ಮೈಸೂರು ಸೀಮೆಯ ನಮ್ಮವರು ದಸರೆಗೆ ಗೊಂಬೆ ಕೂರಿಸುವ ಸಡಗರ ಹೇಗೋ, ಇಲ್ಲಿಯ ಮಕ್ಕಳಿಗೆ ಇದು ಹಾಗೆ. ನನ್ನ ಮೊಮ್ಮಗನೂ ನೆರೆಮನೆಯ ಮರಾಠಿ ಹುಡುಗರೊಡನೆ ಮೊಣಕಾಲುದ್ದ ಕೆಸರಾಗಿ ಕಿಲ್ಲಾ ಕಟ್ಟಿದನು. ಹಬ್ಬ ಮುಗಿದು ನಾಲ್ಕು ದಿನವಾಯಿತು. ಒಂದು ಸಂಜೆ ಅವನು ನನ್ನ ಹತ್ತಿರ ಬಂದು, 'ಅಜ್ಜಾ, ಇವರು ಬರೇ ನಿಂತೇ ಇದ್ದಾರಲ್ಲ, ಕಾದಾಡೋದು ಯಾವಾಗ?' ಎಂದು ಕೇಳಿದನು. ಆ ಪ್ರಶ್ನೆಗೆ ಉತ್ತರ ಹುಡುಕಲು ಹೊರಟವನು ನಾನು ಇಂದಿಗೂ ಮೇಜು ಬಿಟ್ಟು ಎದ್ದಿಲ್ಲ.

ಹುಡುಕಿದ ಮೇಲೆ ತಿಳಿದುದೇನೆಂದರೆ, ಈ ಆಟ ದೊಡ್ಡವರದೇ ಆಟ. ಆನೆ, ಕುದುರೆ, ರಥ, ಕಾಲಾಳು ಎಂಬ ಸೇನೆಯ ನಾಲ್ಕು ಅಂಗಗಳನ್ನು ಹಲಗೆಯ ಮೇಲಿಟ್ಟು ಅದಕ್ಕೆ ಚದುರಂಗವೆಂದು ಹೆಸರಿಟ್ಟವರು ನಮ್ಮ ಹಿರಿಯರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ (1794–1868) ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿ ಎಂಬ ಭಾಗವನ್ನು ಇಂಥ ಆಟಗಳಿಗೇ ಮೀಸಲಿಟ್ಟರು. 1780ರಲ್ಲಿ ಜರ್ಮನಿಯ ಹೆಲ್ವಿಗ್ ಎಂಬ ವಿದ್ವಾಂಸನು ಇದೇ ಚದುರಂಗವನ್ನು ಹಿಗ್ಗಿಸಿ, ಮನೆಗಳಿಗೆ ನದಿ, ಬೆಟ್ಟ, ಊರುಗಳ ಬಣ್ಣ ಕೊಟ್ಟು ಯುದ್ಧದ ಆಟವೊಂದನ್ನು ಕಟ್ಟಿದನು. 1824ರಲ್ಲಿ ರೈಸ್ವಿಟ್ಸ್ ಎಂಬ ಅಧಿಕಾರಿಯು ಚೌಕದ ಮನೆಗಳನ್ನು ಕಿತ್ತುಹಾಕಿ ನಿಜವಾದ ನಕ್ಷೆಯ ಮೇಲೆ ಆಡುವ ಕ್ರಮವನ್ನು ಪ್ರಶ್ಯದ ಸೈನ್ಯಕ್ಕೆ ಕೊಟ್ಟನು. 1913ರಲ್ಲಿ ಎಚ್. ಜಿ. ವೆಲ್ಸ್ ಎಂಬ ಇಂಗ್ಲಿಷ್ ಕಾದಂಬರಿಕಾರನು 'ಲಿಟ್ಲ್ ವಾರ್ಸ್' ಎಂಬ ಪುಸ್ತಕ ಬರೆದು ಆಟವನ್ನು ಮನೆಯ ನೆಲದ ಮೇಲೆ ತಂದನು. 1962ರಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್ ಬರೆದ 'ವಾರ್ ಗೇಮ್ಸ್' ಎಂಬ ಪುಸ್ತಕದಿಂದ ಅದು ಇನ್ನಷ್ಟು ಹಬ್ಬಿತು. ಪ್ರಾಚೀನ ಕಾಳಗಗಳನ್ನೇ ಆಡುವವರಿಗಾಗಿ 1965ರಲ್ಲಿ ಇಂಗ್ಲೆಂಡಿನಲ್ಲಿ 'ಸೊಸೈಟಿ ಆಫ್ ಏನ್ಶಿಯಂಟ್ಸ್' ಎಂಬ ಸಂಘವೂ ಹುಟ್ಟಿತು. 1990ರಲ್ಲಿ ಬಂದ 'ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್' ಎಂಬ ನಿಯಮಾವಳಿಯು ಎರಡು ಅಡಿ ಚೌಕದ ಹಲಗೆಯ ಮೇಲೆ, ಕಡೆಗೆ ಹನ್ನೆರಡು ತುಕಡಿಯಂತೆ, ಒಂದೆರಡು ಗಂಟೆಯಲ್ಲಿ ಆಟ ಮುಗಿಯುವಂತೆ ಮಾಡಿತು. ನಾವು ಅನುಸರಿಸುವುದು ಹೆಚ್ಚುಕಡಿಮೆ ಅದನ್ನೇ.

ಆಡುವ ಬಗೆಯನ್ನು ಸ್ವಲ್ಪ ಹೇಳುತ್ತೇನೆ. ಮೇಜಿನ ಮೇಲೆ ಹಸಿರು ಬಟ್ಟೆ ಹಾಸಬೇಕು. ಅದರ ಕೆಳಗೆ ಥರ್ಮೋಕೋಲ್ ತುಂಡು ತೂರಿಸಿದರೆ ಗುಡ್ಡವಾಯಿತು. ನೀಲಿ ರಂಗೋಲಿ ಪುಡಿ ಎಳೆದರೆ ಹೊಳೆಯಾಯಿತು. ಎರಡಂಗುಲದ ರಟ್ಟಿನ ತುಂಡಿಗೆ ನಾಲ್ಕು ಸಣ್ಣ ಬೊಂಬೆ ಅಂಟಿಸಿದರೆ ಅದು ಕಾಲಾಳಿನ ಒಂದು ತುಕಡಿ. ಮೂರು ಸವಾರರಾದರೆ ಕುದುರೆಯದು. ಒಂದೇ ಆನೆಯಾದರೆ ಆನೆಯದು. ಪ್ರತಿಯೊಬ್ಬನೂ ತನ್ನ ಸರದಿಗೆ ಒಂದು ದಾಳ ಎಸೆಯುತ್ತಾನೆ. ಬಿದ್ದ ಗರದಷ್ಟೇ ಅಪ್ಪಣೆಗಳನ್ನು ಅವನು ಕೊಡಬಲ್ಲನು. ಆರು ಬಿದ್ದರೆ ದಂಡೆಲ್ಲ ನಡೆದೀತು. ಒಂದು ಬಿದ್ದರೆ ಒಂದೇ ಗುಂಪು ಕದಲೀತು, ಮಿಕ್ಕವರು ನಿಂತಲ್ಲೇ ನಿಂತಾರು. ಅಳತೆಪಟ್ಟಿ ಹಿಡಿದು ಕುದುರೆಗೆ ಹೆಚ್ಚು, ಕಾಲಾಳಿಗೆ ಕಡಮೆ, ಕಾಡಿನೊಳಗೆ ಇನ್ನೂ ಕಡಮೆ ಎಂದು ನಡೆಸಬೇಕು. ಎರಡು ತುಕಡಿ ಎದುರಾದಾಗ ಇಬ್ಬರೂ ದಾಳ ಎಸೆದು, ತಮ್ಮ ತಮ್ಮ ಬಲವನ್ನು ಅದಕ್ಕೆ ಕೂಡಿಸಿ ನೋಡುವುದು. ಕಡಮೆಯಾದವನು ಹಿಂದೆ ಸರಿಯಬೇಕು. ಇಮ್ಮಡಿ ಸೋತರೆ ಆ ತುಕಡಿಯನ್ನು ಮೇಜಿನಿಂದ ಎತ್ತಿಬಿಡಬೇಕು. ಹನ್ನೆರಡರಲ್ಲಿ ನಾಲ್ಕನ್ನು ಮೊದಲು ಕಳೆದುಕೊಂಡವನು ಸೋತಂತೆ.

ಇಷ್ಟು ಕಲಿತ ಮೇಲೆ, ಯಾವ ಕಾಳಗವನ್ನು ಆಡುವುದೆಂಬ ಪ್ರಶ್ನೆ ಬಂದಿತು. ನಾನು ಗದಗಿನ ಕಡೆಯವನು. ಅನ್ನ ಕೊಟ್ಟದ್ದು ಈ ನಾಸಿಕ. ಇವೆರಡನ್ನೂ ಕೂಡಿಸುವ ಕಾಳಗವೊಂದು ಇತಿಹಾಸದಲ್ಲಿ ಉಂಟು, ಅದೇ ಸೊರಟೂರಿನದು.

ನಾಸಿಕದಿಂದ ಸುಮಾರು 30 ಕಿಲೋಮೀಟರ್ ಹೋದರೆ ಸಿನ್ನರ. ಅಲ್ಲಿಯ ಗೊಂದೇಶ್ವರ ದೇವಾಲಯವನ್ನು ತಮ್ಮಲ್ಲಿ ಅನೇಕರು ನೋಡಿದ್ದೀರಿ. ಅದು ಸೇವುಣರ ಹಳೆಯ ಊರು. 12ನೆಯ ಶತಮಾನದ ಕೊನೆಯಲ್ಲಿ ಆ ವಂಶದ ಐದನೆಯ ಭಿಲ್ಲಮನು ದೇವಗಿರಿಯನ್ನು ರಾಜಧಾನಿ ಮಾಡಿಕೊಂಡನು. ಇಂದಿನ ಛತ್ರಪತಿ ಸಂಭಾಜಿನಗರದಿಂದ ಸುಮಾರು 15 ಕಿಲೋಮೀಟರ್ ದೂರದ ದೌಲತಾಬಾದೇ ಆ ದೇವಗಿರಿ. ದಕ್ಷಿಣದಲ್ಲಿ ಆಗ ಹೊಯ್ಸಳ ಇಮ್ಮಡಿ ಬಲ್ಲಾಳ. ಸೇವುಣರೂ ಹೊಯ್ಸಳರೂ ಒಂದು ಕಾಲಕ್ಕೆ ಕಲ್ಯಾಣದ ಚಾಲುಕ್ಯರಿಗೆ ತಲೆಬಾಗಿದ ಸಾಮಂತರೇ. ಹಿರಿಯ ಮನೆ ಮುರಿದು ಬಿದ್ದಾಗ ಅದರ ತೊಲೆ ಜಂತಿಗಳಿಗಾಗಿ ಇಬ್ಬರೂ ಕೈ ಚಾಚಿದರು. 1191ರ ಆಸುಪಾಸಿನಲ್ಲಿ, ಈಗಿನ ಗದಗ ಜಿಲ್ಲೆಯ ಸೊರಟೂರಿನಲ್ಲಿ ಎರಡು ದಂಡುಗಳೂ ಎದುರಾದುವು. ಗೆದ್ದವನು ಬಲ್ಲಾಳ. ಸೇವುಣರ ಸೇನೆಯನ್ನು ಕೃಷ್ಣಾ ನದಿಯವರೆಗೆ ಅಟ್ಟಿದನೆಂದು ಅವನ ಕಡೆಯ ಬರಹ ಹೇಳುತ್ತದೆ. ಲೊಕ್ಕಿಗುಂಡಿಯಲ್ಲಿ, ಎಂದರೆ ಇಂದಿನ ಲಕ್ಕುಂಡಿಯಲ್ಲಿ, ಭಿಲ್ಲಮನ ಬಲಗೈಯಂತಿದ್ದ ಜೈತ್ರಸಿಂಹನನ್ನೂ ಅವನು ಸೋಲಿಸಿದನು.

ನನ್ನ ಮರಾಠಿ ಮಿತ್ರರೊಬ್ಬರು ಸಂಭಾಜಿನಗರದಲ್ಲಿದ್ದಾರೆ. ಶಾಲಾ ಮಾಸ್ತರರಾಗಿ ನಿವೃತ್ತರಾದವರು. ನಾವೆಲ್ಲ ಅವರನ್ನು ಗುರುಜಿ ಎನ್ನುತ್ತೇವೆ. ಕಳೆದ ಚಳಿಗಾಲದಲ್ಲಿ ನಾನೂ ಮೊಮ್ಮಗನೂ ಬೊಂಬೆಯ ಪೆಟ್ಟಿಗೆ ಹೊತ್ತು ಅವರ ಮನೆಗೆ ಹೋದೆವು. ಬೆಳಗ್ಗೆ ಮೂವರೂ ದೇವಗಿರಿಯ ಕೋಟೆ ಹತ್ತಿ ಬಂದು, ಊಟವಾದ ಮೇಲೆ ಹಸಿರು ಬಟ್ಟೆ ಹಾಸಿದೆವು. ಆಗ ಜಗಳ ಹುಟ್ಟಿತು. ಗುರುಜಿ, 'ಭಿಲ್ಲಮ ನಮ್ಮವ, ನಾನು ಅವನ ಕಡೆ' ಎಂದರು. ನಾನು, 'ಬಲ್ಲಾಳ ನಮ್ಮವ' ಎಂದೆ. ಮೊಮ್ಮಗ ನಮ್ಮಿಬ್ಬರ ಮುಖವನ್ನೂ ನೋಡಿ, 'ಅಜ್ಜಾ, ಭಿಲ್ಲಮನ ವಂಶದವರ ಶಾಸನ ನಿಮ್ಮೂರ ಕಡೆ ಕನ್ನಡದಾಗ ಅದಾವ ಅಂತ ನೀವ ಹೇಳೀರಿ. ಹಂಗಾದರ ಅವ ಯಾರವ?' ಎಂದನು. ನನ್ನ ಬಾಯಿ ಕಟ್ಟಿತು. ಅವನ ಮಾತು ನಿಜ. ಸೇವುಣರು ಕನ್ನಡದಲ್ಲಿಯೂ ಶಾಸನ ಹಾಕಿಸಿದರು, ಮರಾಠಿಯಲ್ಲಿಯೂ ಹಾಕಿಸಿದರು. 1290ರಲ್ಲಿ ಮುಗಿದ ಜ್ಞಾನೇಶ್ವರಿಯಲ್ಲಿ ನೆನೆಯಲ್ಪಟ್ಟ ರಾಮಚಂದ್ರನೂ ಅದೇ ವಂಶದವನೇ. ಅವರು ಮೂಲತಃ ಯಾರೆಂದು ಪಂಡಿತರು ವಾದಿಸುತ್ತಲೇ ಬಂದಿದ್ದಾರೆ. ಕೊನೆಗೆ ಚೀಟಿ ಎತ್ತಿದೆವು. ನನ್ನ ಪಾಲಿಗೆ ಭಿಲ್ಲಮ ಬಂದನು, ಗುರುಜಿಯ ಪಾಲಿಗೆ ಬಲ್ಲಾಳ. ಗರುಡಧ್ವಜ ನನ್ನದಾಯಿತು, ಹುಲಿಯ ಲಾಂಛನ ಅವರದಾಯಿತು.

ಸೇನೆ ಎಷ್ಟೆಂದು ಮೊದಲು ನಿಶ್ಚಯಿಸಬೇಕಲ್ಲ? ಹೊಯ್ಸಳರ ಕಡೆಯ ಶಾಸನವೊಂದು ಭಿಲ್ಲಮನ ದಂಡಿನಲ್ಲಿ ಎರಡು ಲಕ್ಷ ಕಾಲಾಳು, 12,000 ಕುದುರೆ ಇದ್ದುವೆಂದು ಲೆಕ್ಕ ಕೊಡುತ್ತದೆ. ಓದುವಾಗ ಮೈ ನವಿರೇಳುತ್ತದೆ. ಆದರೆ ಮೇಜಿನ ಮುಂದೆ ಕುಳಿತವನು ಅವರಿಗೆ ಅನ್ನವನ್ನೂ ಹಾಕಬೇಕು! ಆಳಿಗೆ ದಿನಕ್ಕೆ ಒಂದು ಕಿಲೋ ಧಾನ್ಯವೆಂದರೂ ಎರಡು ಲಕ್ಷ ಕಿಲೋ. ಹೇರೆತ್ತು ಒಂದಕ್ಕೆ ನೂರು ಕಿಲೋದಂತೆ, ಒಂದು ದಿನದ ಊಟಕ್ಕೆ 2,000 ಎತ್ತು. ದೇವಗಿರಿಯಿಂದ ಸೊರಟೂರಿಗೆ ನೇರ ಗೆರೆ ಎಳೆದರೂ 500 ಕಿಲೋಮೀಟರ್. ದಿನಕ್ಕೆ ಹದಿನೈದು ನಡೆದರೆ ಒಂದು ತಿಂಗಳ ಮೇಲೆ. ಹೋಗುವುದಕ್ಕೇ ಅರುವತ್ತು ಸಾವಿರಕ್ಕೂ ಮಿಕ್ಕ ಎತ್ತು ಬೇಕು. ಎತ್ತುಗಳ ಮೇವು, ಕುದುರೆಗಳ ಹುರುಳಿ ಬೇರೆ. ನಡುವೆ ಗೋದಾವರಿ, ಭೀಮಾ, ಕೃಷ್ಣಾ, ಮಲಪ್ರಭಾ ದಾಟಬೇಕು. ಗುರುಜಿ ಲೆಕ್ಕದ ಚೀಟಿಯನ್ನು ಮಡಚಿಟ್ಟು, 'ಹಾಗಾದರೆ ದಾರಿಯ ಹಳ್ಳಿಗಳ ಹಗೇವುಗಳು ಬರಿದಾದುವು ಅಂತಲೇ ಅರ್ಥ' ಎಂದರು. ನೋಡಿರಿ, ಆ ಹಳ್ಳಿಗಳ ಮಾತು ಯಾವ ಬಿರುದಾವಳಿಯಲ್ಲಿಯೂ ಬರುವುದಿಲ್ಲ. ನಾವು ಶಾಸನದ ಲೆಕ್ಕವನ್ನು ಹತ್ತರಲ್ಲೊಂದಕ್ಕೆ ಇಳಿಸಿ, ನನಗೆ ಕಾಲಾಳಿನ ಎಂಟು ತುಕಡಿ, ಕುದುರೆಯ ಮೂರು, ಆನೆಯದೊಂದು ಎಂದು ಹಂಚಿಕೊಂಡೆವು. ಕಾಲಾಳಿನ ಒಂದು ತುಕಡಿ ಎಂದರೆ 2,500 ಜನರ ಗುರುತು.

ಮೊದಲನೆಯ ಆಟಕ್ಕೆ ಮುಂಚೆ ನಾನು ಒಂದು ನಿಯಮ ಸೇರಿಸಿದೆ. ಸೊರಟೂರಿನ ಸುತ್ತಣ ನೆಲ ಎರೆ ಭೂಮಿ. ಒಂದು ಮಳೆ ಬಿದ್ದರೆ ಕಾಲು ಕೀಳಲಾಗದಂತೆ ಹಿಡಿಯುತ್ತದೆ. ಹುಡುಗನಾಗಿದ್ದಾಗ ಆ ಎರೆಯಲ್ಲಿ ಎಷ್ಟು ಸಲ ಚಪ್ಪಲಿ ಬಿಟ್ಟು ಬಂದಿದ್ದೇನೋ ಲೆಕ್ಕವಿಲ್ಲ. ಹಿಂದಿನ ಅರಸರು ಮಳೆಗಾಲ ಕಳೆದು ದಸರೆಯಲ್ಲಿ ಸೀಮೋಲ್ಲಂಘನ ಮಾಡಿ ದಂಡೆತ್ತಿ ಹೋಗುತ್ತಿದ್ದುದು ಇದಕ್ಕಾಗಿಯೇ. ಆದರೂ ಅಕಾಲದ ಮಳೆ ಉಂಟಲ್ಲ! ಹವೆಗೆಂದು ಒಂದು ದಾಳ ಎಸೆಯುವುದು, ಒಂದು ಬಿದ್ದರೆ ಕುದುರೆಯ ನಡೆ ಅರ್ಧ ಎಂದು ಗೊತ್ತುಮಾಡಿದೆವು. ಮೊಮ್ಮಗ ಎಸೆದನು, ಒಂದು ಬಿತ್ತು. ಬಲ್ಲಾಳನ ಕುದುರೆಗಳು ಎರೆಯಲ್ಲಿ ಸಿಕ್ಕಿಕೊಂಡುವು. ನನ್ನ ಕಾಲಾಳು ಅವನ್ನು ಸುತ್ತಿಕೊಂಡು ಮೂರನ್ನು ಎತ್ತಿಸಿತು, ಆಮೇಲೆ ಇನ್ನೊಂದನ್ನು. ಭಿಲ್ಲಮ ಗೆದ್ದನು! ಗದಗಿನವನಾದ ನಾನು ಹೊಯ್ಸಳ ಬಲ್ಲಾಳನನ್ನು ಸೋಲಿಸಿ ಕುರ್ಚಿಯಿಂದೆದ್ದು ಚಪ್ಪಾಳೆ ತಟ್ಟಿದೆನೆಂದು ತಮ್ಮ ಮುಂದೆ ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ. ಎರಡು ಗಂಟೆ ಹೊತ್ತು ಭಿಲ್ಲಮನ ಕಷ್ಟವನ್ನು ಹೊತ್ತವನಿಗೆ ಅವನು ಪರಕೀಯನಾಗಿ ಉಳಿದಿರಲಿಲ್ಲ.

ಎರಡನೆಯ ಆಟದಲ್ಲಿ ಮಳೆ ಬರಲಿಲ್ಲ. ಈ ಸಲ ನನ್ನನ್ನು ಕೆಡಿಸಿದುದು ನನ್ನದೇ ಆನೆ. 641ರ ಸುಮಾರಿಗೆ ಇಮ್ಮಡಿ ಪುಲಕೇಶಿಯ ನಾಡಿಗೆ ಬಂದ ಚೀನದ ಯಾತ್ರಿಕ ಹ್ಯುಯೆನ್‌ತ್ಸಾಂಗನು ಒಂದು ಮಾತು ಬರೆದಿಟ್ಟಿದ್ದಾನೆ: ಈ ನಾಡಿನವರು ಕಾಳಗಕ್ಕೆ ಮುಂಚೆ ಯೋಧರೂ ಮದ್ಯ ಕುಡಿಯುವರು, ಆನೆಗಳಿಗೂ ಕುಡಿಸುವರು, ಆಮೇಲೆ ಅವುಗಳ ಮುಂದೆ ಯಾರೂ ನಿಲ್ಲರು ಎಂದು. ನಿಲ್ಲರು ನಿಜ, ಆದರೆ ಅಮಲೇರಿದ ಆನೆ ಶತ್ರು ಯಾರು, ಮಿತ್ರ ಯಾರು ಎಂದು ಕೇಳೀತೇ? ಆದಕಾರಣ ಪೆಟ್ಟು ತಿಂದ ಆನೆ ಯಾವ ದಿಕ್ಕಿಗೆ ಓಡಬೇಕೆಂಬುದನ್ನು ದಾಳಕ್ಕೆ ಬಿಟ್ಟಿದ್ದೆವು. ನನ್ನ ಆನೆ ಹಿಂದಿರುಗಿ ನನ್ನದೇ ಸಾಲಿನ ಮೇಲೆ ಬಿತ್ತು. ಸಾಲು ಒಡೆಯಿತು, ಗುರುಜಿಯ ಕುದುರೆ ಆ ಬಿರುಕಿನಲ್ಲಿ ನುಗ್ಗಿತು. ಆನೆಯೊಂದು, ಕಾಲಾಳಿನ ಮೂರು, ಒಟ್ಟು ನಾಲ್ಕು ತುಕಡಿ ಹೋದುವು. ನಾನು ಸೋತೆ.

ಆನೆಯ ಮೇಲೆ ಕುಳಿತ ನಾಯಕನ ಪಾಡೂ ಹೀಗೆಯೇ. 949ರ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನು ಆನೆಯ ಮೇಲೆಯೇ ಮಡಿದನು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಡೆಗೆ ಜಯವಾಯಿತು. ಕೊಂದವನು ಗಂಗ ಬೂತುಗನೆಂದು ನಮ್ಮ ಆತಕೂರಿನ ಕಲ್ಲು ಹೇಳುತ್ತದೆ. ಚೋಳರ ತಾಮ್ರಪಟ ಕೃಷ್ಣನ ಬಾಣವೆನ್ನುತ್ತದೆ. ಆನೆಯ ಮೇಲೆ ಸತ್ತನೆಂಬುದನ್ನು ಮಾತ್ರ ಗೆದ್ದವರೂ ಸೋತವರೂ ಒಪ್ಪುತ್ತಾರೆ. ಎಲ್ಲರಿಗೂ ಕಾಣುವಷ್ಟು ಎತ್ತರದಲ್ಲಿ ಕುಳಿತವನು ಬಿದ್ದುದೂ ಎಲ್ಲರಿಗೂ ಕಾಣುತ್ತದೆ. ದಂಡಿನ ಎದೆ ಅಲ್ಲಿಗೆ ಒಡೆಯುತ್ತದೆ.

ಸೋತ ದಂಡು ಕೃಷ್ಣಾ ನದಿಗೆ ಹಿಂದಿರುಗಬೇಕು. ಅದು ಸೊರಟೂರಿನಿಂದ ನೂರು ಕಿಲೋಮೀಟರಿಗೆ ಕಡಮೆಯಿಲ್ಲ. ಬೆನ್ನಿಗೆ ಬಲ್ಲಾಳನ ಕುದುರೆ, ಎದುರಿಗೆ ಹೊಳೆ. ಶಾಸನದಲ್ಲಿ ಒಂದೇ ಮಾತಿನಲ್ಲಿ ಮುಗಿದ ಈ ಓಟವನ್ನು ನಾನು ಅಂದು ಮೊದಲ ಸಲ ಮನಸ್ಸಿಗೆ ತಂದುಕೊಂಡೆನು. ಅಷ್ಟರಲ್ಲಿ ಮೊಮ್ಮಗನು ಎತ್ತಿಟ್ಟಿದ್ದ ಮೂರು ರಟ್ಟಿನ ತುಂಡುಗಳನ್ನು ಅಂಗೈಯಲ್ಲಿಟ್ಟುಕೊಂಡು, 'ಅಜ್ಜಾ, ಇವು ಏಳೂವರೆ ಸಾವಿರ ಜನ ಅಲ್ಲೇನು? ನಮ್ಮ ಸಾಲಿಯೊಳಗ ಹದಿನೈದು ನೂರು ಹುಡುಗರು. ಹಿಂಥಾ ಐದು ಸಾಲಿ!' ಎಂದನು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅವರ ಹೆಸರು ಗೊತ್ತೇನು?' ಎಂದು ಕೇಳಿದನು. ತುಕಡಿ ಹೋಯಿತೆಂದರೆ ಎಲ್ಲರೂ ಸತ್ತರೆಂದಲ್ಲ, ಬಹುಮಂದಿ ಚೆದರಿ ಓಡಿರುತ್ತಾರೆ ಎಂದು ಗುರುಜಿ ಸಮಾಧಾನ ಹೇಳಿದರು. ಹೆಸರಿನ ಪ್ರಶ್ನೆಗೆ ಮಾತ್ರ ನಮ್ಮಿಬ್ಬರಲ್ಲಿಯೂ ಉತ್ತರವಿರಲಿಲ್ಲ.

ಸಭಿಕರೇ, ನನ್ನ ಸೊಸೆ ಒಮ್ಮೆ, 'ಮಾವಾ, ಸಾವನ್ನು ಮಕ್ಕಳಿಗೆ ಆಟ ಮಾಡಿ ಕೊಡುವುದು ಸರಿಯೇ?' ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ವೆಲ್ಸ್ ಮಹಾಶಯನು ತನ್ನ ಪುಸ್ತಕದ ಕೊನೆಯಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾನೆ: ಈ ಸಣ್ಣ ಯುದ್ಧವನ್ನು ಮೂರು ನಾಲ್ಕು ಸಲ ಆಡಿದವನಿಗೆ ದೊಡ್ಡ ಯುದ್ಧವೆಂಬುದು ಎಂಥ ಎಡವಟ್ಟಿನ ಕೆಲಸವೆಂದು ತಿಳಿಯುತ್ತದೆ ಎಂಬುದು ಅವನ ಮಾತಿನ ಸಾರ. ಮರುವರ್ಷವೇ, 1914ರಲ್ಲಿ, ಆ ದೊಡ್ಡ ಯುದ್ಧ ಬಂದಿತು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಬಿರುದಾವಳಿ ಓದಿ ಬೆಳೆದ ಹುಡುಗನಿಗೆ ಯುದ್ಧ ನುಣ್ಣಗೆ ಕಾಣುತ್ತದೆ. ಅಳತೆಪಟ್ಟಿ ಹಿಡಿದು ಎರೆಯಲ್ಲಿ ಕುದುರೆ ನಡೆಸಿದ ಹುಡುಗನಿಗೆ ಅದರ ಕಲ್ಲುಮುಳ್ಳು ಕಾಣುತ್ತವೆ. ನಮ್ಮ ವೀರಗಲ್ಲುಗಳನ್ನು ನೋಡಿರಿ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಕೈಲಾಸ. ಊರವರು ಆ ಕಲ್ಲು ನಿಲ್ಲಿಸಿದ್ದು ಹೆಸರು ಅಳಿಯದಿರಲೆಂದು. ನಮ್ಮ ಬೊಂಬೆ ಬಿದ್ದರೆ ನಾಳೆ ಮತ್ತೆ ಎದ್ದು ನಿಲ್ಲುತ್ತದೆ. ಕಲ್ಲಿನ ಮನುಷ್ಯ ಏಳಲಾರ. ಈ ಭೇದ ಗೊತ್ತಿದ್ದರೆ ಆಟದಿಂದ ಕೇಡಿಲ್ಲವೆಂದು ನಾನು ಸೊಸೆಗೆ ಹೇಳಿದೆ. ಅವಳು ಪೂರ್ತಿ ಒಪ್ಪಿದಳೆಂದು ಹೇಳಲಾರೆ. ಆದರೆ ಹಸಿರು ಬಟ್ಟೆಗೆ ಅಂಚು ಹೊಲಿದುಕೊಟ್ಟಳು.

ಇಂದು ನವೆಂಬರ್ 1. 1956ರಲ್ಲಿ ನಮ್ಮ ನಾಡು ಒಂದಾದ ದಿನ. 1973ರಲ್ಲಿ ಅದಕ್ಕೆ ಕರ್ನಾಟಕವೆಂದು ಹೆಸರಾದ ದಿನ. ಇಂಥ ದಿನ ಹಳೆಯ ವಿಜಯಗಳನ್ನು ನೆನೆಯುವುದು ನಮ್ಮ ವಾಡಿಕೆ, ಅದು ತಪ್ಪಲ್ಲ. ಆದರೆ ಒಂದು ಮಾತು ಸೇರಿಸುತ್ತೇನೆ. ಸೊರಟೂರಿನಲ್ಲಿ ಗೆದ್ದ ಸೀಮೆ ಹೊಯ್ಸಳರ ಕೈಯಲ್ಲಿ ಬಹುಕಾಲ ನಿಲ್ಲಲಿಲ್ಲ. ಭಿಲ್ಲಮನ ಮೊಮ್ಮಗ ಸಿಂಘಣ ಬಂದು ಅದನ್ನು ಹಿಂದಕ್ಕೆ ಪಡೆದನು. ನಮ್ಮ ಗದಗಿನ ತ್ರಿಕೂಟೇಶ್ವರ ದೇವಾಲಯಕ್ಕೆ ಭಿಲ್ಲಮ ದತ್ತಿ ಬಿಟ್ಟ ಶಾಸನವಿದೆ, ಶಕ 1113, ಎಂದರೆ 1191. ಅದೇ ದೇವಾಲಯಕ್ಕೆ ಬಲ್ಲಾಳ ದತ್ತಿ ಬಿಟ್ಟ ಶಾಸನವೂ ಇದೆ, ಶಕ 1114, ಎಂದರೆ 1192. ಒಬ್ಬರನ್ನೊಬ್ಬರು ಮುಗಿಸಲು ಹೊರಟ ಇಬ್ಬರೂ ಒಂದು ವರ್ಷದ ಅಂತರದಲ್ಲಿ ಒಂದೇ ದೇವರ ಮುಂದೆ ಕೈಮುಗಿದರು. ಚಿಕ್ಕಂದಿನಲ್ಲಿ ನಾನು ಆ ಗುಡಿಯ ಅಂಗಳದಲ್ಲಿ ಆಡಿದವನು. ಬಲ್ಲಾಳನ ಹೆಸರು ಮಾತ್ರ ಕೇಳಿದ್ದೆ. ಭಿಲ್ಲಮನ ಹೆಸರನ್ನು ಕಲಿಯಲು ನಾಸಿಕಕ್ಕೆ ಬಂದು, ಮುದುಕನಾಗಿ, ಅವನ ಕಡೆಯಿಂದ ಒಂದು ಕಾಳಗ ಸೋಲಬೇಕಾಯಿತು. ಎದುರಾಳಿಯ ಕುರ್ಚಿಯಲ್ಲಿ ಒಮ್ಮೆ ಕುಳಿತೆದ್ದವನಿಗೆ ತನ್ನ ನಾಡಿನ ಅಭಿಮಾನ ಕುಂದುವುದಿಲ್ಲ. ನೆರೆಯವನ ಅಭಿಮಾನವೂ ಅರ್ಥವಾಗುತ್ತದೆ. ಹೊರನಾಡಿನಲ್ಲಿ ಬಾಳುವ ನಮಗೆ ಇದಕ್ಕಿಂತ ಬೇಕಾದ ಪಾಠ ಮತ್ತೊಂದಿಲ್ಲ.

ಮುಂದಿನ ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಮತ್ತೆ ಮೇಜು ಹಾಸುತ್ತೇವೆ. ಮಕ್ಕಳು ಬರಲಿ, ನೆರೆಯ ಮರಾಠಿ ಮಕ್ಕಳನ್ನೂ ಕರೆತರಲಿ. ಚಹ, ಚುರುಮುರಿ ಸಿದ್ಧವಿರುತ್ತವೆ. ಯಾರು ಯಾವ ಕಡೆ ಎಂಬುದನ್ನು ಮಾತ್ರ ಚೀಟಿ ಎತ್ತಿಯೇ ತೀರ್ಮಾನಿಸುವುದು. ಅದರಲ್ಲಿ ಯಾರ ಶಿಫಾರಸೂ ನಡೆಯದು.